ಚೀನೀ ಹಾಡಿನ ಮೇಷ್ಟ್ರು

ನಂಜನಗೂಡು
18 ಜೂನ್ 2024

ಶ್ರೀಮತಿ ವನಜಾಕ್ಷಿಯವರಿಗೆ ಸೋಮಶೇಖರನ ನಮಸ್ಕಾರಗಳು.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಇಲ್ಲಿನ ಒಂದು ಖಾಸಗಿ ಪ್ರೈಮರಿ ಶಾಲೆಯಲ್ಲಿ ಸಂಗೀತದ ಮೇಷ್ಟ್ರು, ವಯಸ್ಸು ಐವತ್ತೆಂಟು. ಶಾಲೆ ಬಿಟ್ಟ ಮೇಲೆ ನಮ್ಮ ಬೀದಿಯ ಭಜನೆ ಮನೆಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ನಿಮ್ಮ ಅಡ್ರೆಸ್ ಕೊಟ್ಟವನು ನಿಮ್ಮೂರಿನ ಬಸ್ಸಿನ ಕಂಡಕ್ಟರ್ ಮಾದು. "ನಮ್ಮೂರಲ್ಲಿ ಒಬ್ರು ಅಕ್ಕ ಅವ್ರೆ ಸಾ, ಎಂಟೊಂಬತ್ತು ವರ್ಸ ಚೀನಾದಲ್ಲಿದ್ದು ಬಂದವ್ರೆ" ಎಂದ. ಫೋನ್ ನಂಬರನ್ನೂ ಕೊಟ್ಟ. ನಾಲ್ಕು ಸಲ ಮಾಡಿದೆ, ನೀವು ಎತ್ತಲಿಲ್ಲ. ಐದನೇ ಸಲ ಮಾಡುವುದು ಮರ್ಯಾದೆಯಲ್ಲ ಎಂದು ಕಾಗದ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಇಂಡಸ್ಟ್ರಿಯಲ್ ಏರಿಯಾಕ್ಕೆ ಚೀನಾದವರ ಕಾರ್ಖಾನೆ ಬರುತ್ತದೆ ಎಂದು ಯಾರೋ ಹೇಳಿದ್ದೇ ತಡ, ನಮ್ಮ ಮ್ಯಾನೇಜ್‌ಮೆಂಟಿನವರು ಶಾಲೆಯ ಗೇಟಿಗೆ 'ಚೀನೀ ಭಾಷೆ ಕಲಿಸಲಾಗುವುದು' ಎಂದು ಬ್ಯಾನರ್ ಕಟ್ಟಿದರು. ಮೈಸೂರಿನಿಂದ ಬಂದ ಟೀಚರ್ ಮೂರು ವಾರ ಪಾಠ ಮಾಡಿ ಬೇರೆ ಕೆಲಸಕ್ಕೆ ಹೋದರು. ಬ್ಯಾನರ್ ಬಿಚ್ಚುವ ಮನಸ್ಸು ಮಾತ್ರ ಯಾರಿಗೂ ಇಲ್ಲ. ಹಾಡು ಹೇಳಿಕೊಟ್ಟರೆ ಮಕ್ಕಳು ಯಾವ ಭಾಷೆಯನ್ನಾದರೂ ಕಲಿಯುತ್ತಾರೆ, ಹಾಡು ನಿಮ್ಮ ಸಬ್ಜೆಕ್ಟು, ಮಾಡಿ ಎಂದು ನನ್ನ ತಲೆಗೆ ಕಟ್ಟಿದ್ದಾರೆ. ಹದಿನಾಲ್ಕು ಮಕ್ಕಳಿದ್ದಾರೆ, ಎಲ್ಲರೂ ಏಳೆಂಟು ವರ್ಷದವರು. ನನಗೆ ಚೀನಾದ್ದು ಅಂತ ಗೊತ್ತಿರುವುದು ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ ಒಂದೇ.

ಮಟ್ಟು ಹಾಕುವುದನ್ನು ನನಗೆ ಬಿಡಿ. ಪದಗಳನ್ನು ನೀವು ಕೊಡಿ. ಮಕ್ಕಳ ಮುಂದೆ ನನ್ನ ಮಾನ ಉಳಿಸಿದ ಹಾಗಾಗುತ್ತದೆ.

ನಿಮ್ಮ ಉತ್ತರ ಕಾಯುತ್ತಿರುವ,
ಸೋಮಶೇಖರ್


ತಿ. ನರಸೀಪುರ
27 ಜೂನ್ 2024

ಸೋಮಶೇಖರ್ ಅವರಿಗೆ,

ದಯವಿಟ್ಟು ಇನ್ನು ಫೋನ್ ಮಾಡಬೇಡಿ. ನಮ್ಮ ಮನೆಯಲ್ಲಿ ಫೋನಿನ ಸದ್ದು ಆರಿಸಿ ಬೀರುವಿನೊಳಗೆ ಇಟ್ಟಿರುತ್ತೇನೆ. ಕಾರಣ ಕೇಳಬೇಡಿ. ಕಾಗದ ಬರೆದರೆ ಉತ್ತರ ಬರೆಯುತ್ತೇನೆ.

ಆ ಭಾಷೆಯಲ್ಲಿ ಪ್ರತಿ ಪದಕ್ಕೂ ಅದರದೇ ಏರಿಳಿತವಿದೆ. ಹಾಡಿನಲ್ಲಿ ಅದು ಕೆಟ್ಟರೆ ಮಕ್ಕಳು ಕೆಟ್ಟದ್ದನ್ನೇ ಕಲಿಯುತ್ತಾರೆ. ಹೈಸ್ಕೂಲಿನಲ್ಲಿ ಎರಡು ವರ್ಷ ಸಂಗೀತ ಕಲಿತಿದ್ದೆ, ಆ ಧೈರ್ಯದ ಮೇಲೆ ಪದಗಳ ಪಕ್ಕದಲ್ಲಿ ಸ್ವರ ಬರೆದಿದ್ದೇನೆ. ಬರೀ 'ಪ' ಎಂದಿದ್ದರೆ ಮೇಲೆ ಹಿಡಿದು ನಿಲ್ಲಿಸಬೇಕು. 'ಗಪ' ಎಂದಿದ್ದರೆ ಏರಬೇಕು. 'ರಿಸರಿ' ಎಂದಿದ್ದರೆ ಇಳಿದು ಏಳಬೇಕು. 'ಪಸ' ಎಂದಿದ್ದರೆ ಥಟ್ಟನೆ ಬೀಳಬೇಕು. ಇದಕ್ಕೆ ಒಗ್ಗುವ ಮಟ್ಟನ್ನು ನೀವು ಹುಡುಕಿಕೊಳ್ಳಿ.

ಒಂದು ಹಾಡಿಗೆ ನಾಲ್ಕು ಹೊಸ ಪದ ಸಾಕು. ಹೊಸ ಪದ ಸಾಲಿನ ಕೊನೆಗೆ ಬರಲಿ, ಬಾಯಲ್ಲಿ ಉಳಿಯುವುದು ಕೊನೆಯದು. ಹಾಡುವಾಗ ಕೈಗೂ ಕಾಲಿಗೂ ಕೆಲಸ ಕೊಡಿ. ಈ ಸಲ ಒಂದರಿಂದ ಹತ್ತರವರೆಗೆ ಕಳಿಸಿದ್ದೇನೆ, ಮೂರು ಹಾಡು ಮಾಡಿಕೊಳ್ಳಿ.

ಒಂದು ಮಾತು ಕೇಳಬೇಕಿತ್ತು. ಹದಿನಾಲ್ಕು ಮಕ್ಕಳೂ ಬಾಯಿ ಬಿಟ್ಟು ಹಾಡುತ್ತಾರೆಯೆ? ಹಿಂದೆ ಕೂತು ಸುಮ್ಮನಿರುವವರು ಯಾರಾದರೂ ಇದ್ದಾರೆಯೆ?

ವನಜಾಕ್ಷಿ


ನಂಜನಗೂಡು
10 ಜುಲೈ 2024

ವನಜಾಕ್ಷಮ್ಮನವರಿಗೆ ನಮಸ್ಕಾರ.

ನಿಮ್ಮ ಸ್ವರದ ಉಪಾಯಕ್ಕೆ ದೊಡ್ಡ ನಮಸ್ಕಾರ. ಮೂವತ್ತು ವರ್ಷ ಹಾರ್ಮೋನಿಯಂ ಮುಂದೆ ಕೂತವನಿಗೆ ಒಂದು ಭಾಷೆಯನ್ನೇ ಸರಿಗಮದಲ್ಲಿ ಬರೆದುಕೊಡುತ್ತಾರೆ ಎಂದು ಕನಸಿನಲ್ಲೂ ತೋಚಿರಲಿಲ್ಲ. ಕುಂಟೆಬಿಲ್ಲೆ ಆಡುವಾಗ ಹುಡುಗಿಯರು ಹೇಳಿಕೊಳ್ಳುವ ಮಟ್ಟಿಗೆ ಸಂಖ್ಯೆಗಳನ್ನು ಕೂರಿಸಿದೆ. ನೆಲದ ಮೇಲೆ ಮನೆ ಬರೆದು, 'ಈ' ಎಂದು ಒಂದನೇ ಮನೆಗೆ ಹಾರು, 'ಅರ್' ಎಂದು ಎರಡಕ್ಕೆ ಹಾರು. ಎರಡು ವಾರದಲ್ಲಿ ಹತ್ತೂ ಬಂದವು. ಹೆಡ್‌ಮಿಸ್ ಬಾಗಿಲಲ್ಲಿ ನಿಂತು ನೋಡಿ ಹೋದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಶಭಾಷ್ ಅಂದ ಹಾಗೆ.

ನೀವು ಕೇಳಿದಿರಲ್ಲ, ಅಂಥವಳು ಒಬ್ಬಳಿದ್ದಾಳೆ. ರಮ್ಯ ಅಂತ. ತುಟಿ ಅಲ್ಲಾಡುತ್ತದೆ, ಸದ್ದು ಬರುವುದಿಲ್ಲ. ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ನೀವು ಕೇಳಿದ ಮೇಲೆ ನೋಡಿದೆ. ಅಷ್ಟು ದೂರದಲ್ಲಿ ಕೂತು ನಿಮಗೆ ಹೇಗೆ ಹೊಳೆಯಿತೋ.

ಮುಂದಿನ ಸಲಕ್ಕೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಕೊಡಿ. ನಿಮ್ಮ ಯಜಮಾನರು ಅಲ್ಲಿ ಏನು ಮಾಡುತ್ತಿದ್ದರು? ಮಕ್ಕಳಿದ್ದಾರೆಯೆ? ಕೇಳಿದ್ದು ತಪ್ಪಾದರೆ ಬಿಟ್ಟುಬಿಡಿ. ನನ್ನದು ಹೇಳುವುದಾದರೆ, ಹೆಂಡತಿ ಮಂಗಳಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಮಕ್ಕಳಾಗಲಿಲ್ಲ. ಮನೆಯಲ್ಲಿ ಕುಕ್ಕರ್ ಕೂಗಿದರೆ ಉಂಟು, ಇಲ್ಲದಿದ್ದರೆ ಸದ್ದಿಲ್ಲ. ನಿಮ್ಮ ಕಾಗದ ಬಂದ ದಿನ ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ಪದ ಕಲಿಯುವ ನೆಪವಿದೆಯಲ್ಲ.

ಇತಿ,
ಸೋಮಶೇಖರ್


ತಿ. ನರಸೀಪುರ
22 ಜುಲೈ 2024

ಮೇಷ್ಟ್ರಿಗೆ ನಮಸ್ಕಾರ.

ಕೇಳಿದ ನಾಲ್ಕು ಪದ ಇಲ್ಲಿವೆ. ಬಾಬಾ ಎಂದರೆ ಅಪ್ಪ. ಮಾಮಾ ಎಂದರೆ ಅಮ್ಮ, ಇದಕ್ಕೆ ಮಕ್ಕಳು ನಗುತ್ತಾರೆ, ನಗಲಿ. ಯೇಯೇ ಅಜ್ಜ, ನೈನೈ ಅಜ್ಜಿ. ಸ್ವರಗಳನ್ನು ಪಕ್ಕದಲ್ಲಿ ಬರೆದಿದ್ದೇನೆ. ಇವನ್ನು ಅವಸರದಲ್ಲಿ ಹಾಡಿಸಬೇಡಿ. ನಿಧಾನವಾದ, ಎಳೆದು ಹೇಳುವ ಮಟ್ಟು ಇರಲಿ. ಕರೆಯುವ ಪದಗಳಲ್ಲವೆ, ಕರೆದ ಹಾಗೆ ಕೇಳಿಸಬೇಕು.

ರಮ್ಯಳನ್ನು ಒತ್ತಾಯ ಮಾಡಬೇಡಿ. ಬಾಯಿ ಬಿಡು ಅಂದಷ್ಟೂ ಮಕ್ಕಳು ಮುಚ್ಚಿಕೊಳ್ಳುತ್ತಾರೆ. ಅವಳ ಕಡೆ ನೋಡದೆ, ಅವಳಿಗೆ ಕೇಳಿಸುವ ಹಾಗೆ ಹಾಡಿ. ಉಳಿದ ಮಕ್ಕಳು ಅವಳನ್ನು ಏನಾದರೂ ಅನ್ನುತ್ತಾರೆಯೆ? ಅಡ್ಡಹೆಸರು ಇಟ್ಟಿದ್ದಾರೆಯೆ? ದಯವಿಟ್ಟು ಗಮನಿಸಿ.

ನನ್ನ ಬಗ್ಗೆ ಬರೆಯುವಂಥದ್ದು ಏನಿಲ್ಲ. ಅಣ್ಣ ನಿಂಗರಾಜುವಿನ ಮನೆಯ ಮಹಡಿಯ ಮೇಲಿದ್ದೇನೆ. ನಮ್ಮವರು ಯೋಗದ ಮೇಷ್ಟ್ರಾಗಿದ್ದರು. ಮೈಸೂರಿನಲ್ಲಿ ಕಲಿತು ಕುನ್ಮಿಂಗ್ ಎಂಬ ಊರಿಗೆ ಹೋದರು. ಈಗ ಇಲ್ಲ.

ಮಕ್ಕಳು ಹಾಡುವುದು ಹೇಗಿರುತ್ತದೆಂದು ಇನ್ನೂ ವಿವರವಾಗಿ ಬರೆಯಿರಿ.

ವನಜಾಕ್ಷಿ


ನಂಜನಗೂಡು
14 ಆಗಸ್ಟ್ 2024

ವನಜಾಕ್ಷಮ್ಮನವರೇ,

ಕ್ಲಾಸು ನಿಂತುಹೋಯಿತು. ನಿಲ್ಲಿಸಿದವನು ನಾನೇ ಅಂದರೂ ಸರಿ.

ನಿಧಾನದ ಮಟ್ಟು ಅಂದಿರಲ್ಲ. ನಾಲ್ಕು ದಿನ ಹುಡುಕಿದೆ. ಒಂದು ಮಟ್ಟು ನಿಮ್ಮ ಸ್ವರಗಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬಾಬಾ ಬೀಳುವ ಕಡೆ ಬೀಳುತ್ತದೆ, ಯೇಯೇ ಏರುವ ಕಡೆ ಏರುತ್ತದೆ. ಮಕ್ಕಳು ಒಂದೇ ದಿನಕ್ಕೆ ಹಿಡಿದರು. ರಮ್ಯ ಕೂಡ ಸದ್ದು ಮಾಡಿದಳು. ಆ ಸಂಜೆ ಸಂತೋಷದಲ್ಲಿ ನನಗೆ ಊಟ ಸೇರಲಿಲ್ಲ.

ಅದು ನಮ್ಮ ಭಜನೆ ತಂಡ ಸಾವಿನ ಮನೆಯಲ್ಲಿ ಹೆಣದ ಮುಂದೆ ಕೂತು ಹೇಳುವ ತತ್ವಪದದ ಮಟ್ಟು. ಬೇರೆಲ್ಲೂ ಅದನ್ನು ಹೇಳುವುದಿಲ್ಲ, ಹೇಳಬಾರದು. ಮೂವತ್ತು ವರ್ಷ ನುಡಿಸಿ ನುಡಿಸಿ ಅದು ಯಾರಿಗೆ ಹೇಳುವ ಪದ ಎಂಬುದು ನನ್ನ ತಲೆಯಿಂದ ಹೋಗಿತ್ತು. ಬೆರಳಿಗೆ ಮಾತ್ರ ನೆನಪಿತ್ತು.

ಶಿವು ಎಂಬ ಹುಡುಗ ಮನೆಗೆ ಹೋಗಿ, ಮೂರು ತಿಂಗಳಿಂದ ಹಾಸಿಗೆ ಹಿಡಿದಿರುವ ಅಜ್ಜ ಮಲ್ಲಯ್ಯನವರ ಮಂಚದ ಪಕ್ಕ ಕೂತು, ಅವರ ಕೈ ಹಿಡಿದು, ಯೇಯೇ ಯೇಯೇ ಎಂದು ಅದೇ ಮಟ್ಟಿನಲ್ಲಿ ಹಾಡಿದ್ದಾನೆ. ಮಲ್ಲಯ್ಯನವರು ಒಂದು ಕಾಲಕ್ಕೆ ನಮ್ಮ ತಂಡದಲ್ಲೇ ತಾಳ ಹಾಕುತ್ತಿದ್ದವರು. ಯಾರು ಹೋದರು ಎಂದು ಕೇಳಿದರಂತೆ. ಮಾರನೆಯ ದಿನ ಅಜ್ಜಿ ಜವರಮ್ಮ ಗೇಟಿಗೆ ಬಂದು ನಿಂತರು. ಕೂಗಾಡಲಿಲ್ಲ. "ಜೀವ ಇರೋ ಮನ್ಸನ್ ಮುಂದೆ ಎಣದ್ ಪದ ಏಳಿಸ್ಬುಟ್ರಲ್ಲ ಮೇಷ್ಟ್ರೇ, ಮಗೀನ್ ಬಾಯಲ್ಲಿ" ಎಂದರು. ನಾನು ಅವರ ಕಾಲು ಮುಟ್ಟಲು ಬಗ್ಗಿದೆ, ಹಿಂದೆ ಸರಿದುಬಿಟ್ಟರು.

ಅವತ್ತೇ ಬ್ಯಾನರ್ ಇಳಿಯಿತು. ಆ ಪಿರಿಯಡ್ಡಿಗೆ ಈಗ ಕಂಪ್ಯೂಟರ್. ನಾನು ಬರೀ ಸಂಗೀತಕ್ಕೆ ಉಳಿದಿದ್ದೇನೆ, ಬೀದಿಯಲ್ಲಿ ಮಕ್ಕಳು ನನ್ನನ್ನು ಕಂಡರೆ ಅಮ್ಮಂದಿರು ಒಳಗೆ ಕರೆಯುತ್ತಾರೆ.

ಇದನ್ನು ನಿಮಗೆ ಕಳಿಸಿದರೆ ಮತ್ತೆ ನೀವೇಕೆ ಬರೆಯುತ್ತೀರಿ? ಕ್ಲಾಸೇ ಇಲ್ಲದ ಮೇಲೆ ಕಾಗದವೂ ಇಲ್ಲ. ಕವರಿಗೆ ಹಾಕುವ ಧೈರ್ಯ ಬರುತ್ತಿಲ್ಲ. ನೋಟ್‌ಬುಕ್ಕಿನಲ್ಲೇ ಇರಲಿ.


ನಂಜನಗೂಡು
30 ಆಗಸ್ಟ್ 2024

ಶ್ರೀಮತಿ ವನಜಾಕ್ಷಿಯವರಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೆಗಡಿ ಜ್ವರ ಬಂದಿತ್ತು. ಕ್ಲಾಸು ಚೆನ್ನಾಗಿ ನಡೆಯುತ್ತಿದೆ. ಮಕ್ಕಳು ಹುರುಪಾಗಿದ್ದಾರೆ. ರಮ್ಯ ಹಾಡಿದಳು. ಮುಂದಕ್ಕೆ ಹಣ್ಣುಗಳು, ಪ್ರಾಣಿಗಳು, ಮಳೆ ಬಿಸಿಲು, ಹೀಗೆ ಎಷ್ಟು ಸಾಧ್ಯವೋ ಅಷ್ಟು ಕಳಿಸಿಕೊಡಿ.

ಸೋಮಶೇಖರ್


ತಿ. ನರಸೀಪುರ
9 ಸೆಪ್ಟೆಂಬರ್ 2024

ಪ್ರಿಯ ಮೇಷ್ಟ್ರಿಗೆ,

ರಮ್ಯ ಹಾಡಿದಳು ಎಂಬ ಎರಡು ಪದವನ್ನು ಎಷ್ಟು ಸಲ ಓದಿದೆನೋ. ಅದೊಂದರ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಹಣ್ಣು, ಪ್ರಾಣಿ, ಮಳೆಯ ಹಾಡುಗಳು ಬೇರೆ ಹಾಳೆಯಲ್ಲಿವೆ. ಬೆಕ್ಕಿಗೆ ಮಾವ್ ಎನ್ನುತ್ತಾರೆ, ಆ ಹಾಡಿಗೆ ನಾಲ್ಕು ಕಾಲಿನ ಮೇಲೆ ಕುಣಿಯಬೇಕು.

ನಿಮಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ನನಗೊಬ್ಬಳು ಮಗಳಿದ್ದಾಳೆ. ಗಾನವಿ. ಒಂಬತ್ತು ವರ್ಷ. ಹುಟ್ಟಿದ್ದು ಕುನ್ಮಿಂಗ್‌ನಲ್ಲಿ, ಆಡಿ ಬೆಳೆದದ್ದು ಅಲ್ಲಿನ ಮಕ್ಕಳ ಜೊತೆ. ಅಪ್ಪನ ಹತ್ತಿರ ಕನ್ನಡ, ಉಳಿದದ್ದಕ್ಕೆಲ್ಲ ಆ ಭಾಷೆ. ಬಾತ್‌ರೂಮಿನಲ್ಲಿ ಕೂಡ ಹಾಡುತ್ತಲೇ ಇರುತ್ತಿದ್ದಳು. ಕಳೆದ ವರ್ಷ ಜನವರಿಯಲ್ಲಿ ಅಲ್ಲಿ ಕೊರೊನಾ ಮತ್ತೆ ಹರಡಿದಾಗ ಅವಳ ಅಪ್ಪ ಬಸವೇಶ್ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ನೋಡಲು ಬಿಡಲಿಲ್ಲ, ಬರೀ ಫೋನಿನಲ್ಲಿ ಮಾತು. ಕೊನೆಯ ಸುದ್ದಿಯೂ ಫೋನಿನಲ್ಲೇ ಬಂತು. ಈಗಲೂ ಎಲ್ಲಿ ಫೋನ್ ಹೊಡೆದರೂ ಮಗು ಮಂಚದ ಕೆಳಗೆ ಹೋಗುತ್ತಾಳೆ. ಬೀರುವಿನ ಕಥೆ ಇದು.

ಇಲ್ಲಿಗೆ ಬಂದು ಶಾಲೆಗೆ ಸೇರಿಸಿದೆ. ಆ ಭಾಷೆ ಬಾಯಿಂದ ಬಂದದ್ದೇ ತಡ ಮಕ್ಕಳು ಅವಳನ್ನು 'ಕೊರೊನಾ' ಎಂದು ಕರೆದರು. ದೂರ ಕೂತರು, ಮುಟ್ಟಿದರೆ ಕೈ ಒರೆಸಿಕೊಂಡರು. ನಾನು ಅವರಿಗೆ ಬುದ್ಧಿ ಹೇಳಲಿಲ್ಲ ಮೇಷ್ಟ್ರೇ. ನನ್ನ ಮಗಳ ಕೆನ್ನೆ ಹಿಡಿದು, ಆ ದರಿದ್ರ ಭಾಷೆ ಇಲ್ಲಿ ಬೇಡ, ಇನ್ನು ಒಂದು ಮಾತೂ ಆಡಬಾರದು ಎಂದೆ. ಅವಳು ನಿಂತ ನಿಲುವಿನಲ್ಲೇ ಎಲ್ಲ ಮಾತನ್ನೂ ಬಿಟ್ಟಳು. ಕನ್ನಡವನ್ನೂ. ಹದಿನಾಲ್ಕು ತಿಂಗಳಾಯಿತು. ಕೇಳಿದ್ದಕ್ಕೆ ತಲೆಯಾಡಿಸುತ್ತಾಳೆ, ಪರೀಕ್ಷೆ ಬರೆಯುತ್ತಾಳೆ. ಮೈಸೂರಿನ ಡಾಕ್ಟರು ದೋಷ ಏನೂ ಇಲ್ಲ, ಕಾಯಿರಿ ಎನ್ನುತ್ತಾರೆ.

ಊರವರ ಮಕ್ಕಳಿಗೆ ಹಾಡು ಬರೆದುಕೊಟ್ಟವಳು ಮಗಳ ಬಾಯಿ ಹೊಲಿದವಳು. ನೀವು ನನ್ನನ್ನು ಏನೆಂದುಕೊಂಡಿದ್ದಿರೋ.

21ನೇ ತಾರೀಖು ಶನಿವಾರ ಅವಳನ್ನು ನಿಮ್ಮ ಕ್ಲಾಸಿಗೆ ಕರೆದುಕೊಂಡು ಬರುತ್ತೇನೆ. ಹಿಂದೆ ಕೂತಿರುತ್ತೇವೆ. ಹೆಚ್ಚುಕಡಿಮೆ ಅವಳ ವಯಸ್ಸಿನ ಹದಿನಾಲ್ಕು ಮಕ್ಕಳು ಆ ಮಾತನ್ನು ನಾಚಿಕೆಯಿಲ್ಲದೆ, ಕುಣಿಯುತ್ತಾ ಹಾಡುವುದನ್ನು ಒಂದು ಸಲ ಅವಳು ಕೇಳಲಿ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ನಿಮ್ಮ,
ವನಜಾಕ್ಷಿ


ನಂಜನಗೂಡು
16 ಸೆಪ್ಟೆಂಬರ್ 2024

ತಾಯಿ,

ಅಂಚೆಗೆ ಹಾಕಿದರೆ ತಡವಾಗುತ್ತದೆ ಎಂದು ಮಾದು ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗಿರುವ ಹಾಳೆ ಆಗಸ್ಟ್ 14ರಂದು ಬರೆದು ಇಟ್ಟುಕೊಂಡದ್ದು. ಅದನ್ನು ಮೊದಲು ಓದಿ.

ಓದಿದಿರಾ? ಕ್ಲಾಸು ಇಲ್ಲ. ತಿಂಗಳ ಮೇಲಾಯಿತು. ಆಮೇಲೆ ಬರೆದದ್ದು ಸುಳ್ಳು. ನೆಗಡಿ ಜ್ವರವೂ ಸುಳ್ಳು. ರಮ್ಯ ಹಾಡಿದ್ದು ನಿಜ. ಕಾಗದಗಳು ನಿಂತುಹೋಗುತ್ತವೆಂದು ಹೆದರಿದೆ, ಅದೂ ನಿಜ.

ನಿಮ್ಮ ಕಾಗದ ಬಂದ ಮೇಲೆ ನಾಚಿಕೆ ಬಿಟ್ಟು ಮಕ್ಕಳ ಮನೆಗಳಿಗೆ ಹೋದೆ. ಒಂದು ದಿನದ ಮಟ್ಟಿಗೆ, ಒಂದು ಗಂಟೆ ಕಳಿಸಿ, ಒಂದು ಮಗುವಿಗೆ ಬೇಕಾಗಿದೆ ಎಂದು ಕೇಳಿದೆ. ಒಂಬತ್ತು ಮನೆಯಲ್ಲಿ ಕಾಫಿ ಕೊಟ್ಟು ಇಲ್ಲ ಎಂದರು. ಮೂರು ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ. ರಮ್ಯಳ ಮನೆಯವರು ಚಾಮರಾಜನಗರಕ್ಕೆ ಹೋಗಿದ್ದಾರೆ. ಶಿವುವಿನ ಮನೆಯ ಮುಂದೆ ನಿಂತು, ಮಲ್ಲಯ್ಯನವರ ಕೆಮ್ಮು ಕೇಳಿ, ಹಿಂದಿರುಗಿದೆ.

ಮಗುವನ್ನು ಬರಿಗೋಡೆಗೆ ಕರೆತರಬೇಡಿ. ನನ್ನನ್ನು ಬೈದು ಒಂದು ಕಾಗದ ಬರೆಯಿರಿ, ಸಾಕು.

ಸೋಮಶೇಖರ


ತಿ. ನರಸೀಪುರ
18 ಸೆಪ್ಟೆಂಬರ್ 2024

ಮೇಷ್ಟ್ರೇ,

ನಿಮ್ಮ ಕಾಗದ ಬರುವ ಹೊತ್ತಿಗೆ ನಾನು ಅವಳಿಗೆ ಹೇಳಿಬಿಟ್ಟಿದ್ದೆ. ಆ ಭಾಷೆಯಲ್ಲೇ ಹೇಳಿದೆ, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ಒಂದು ಊರಿದೆ, ಅಲ್ಲಿ ಮಕ್ಕಳು ನಿನ್ನ ಹಾಡು ಹಾಡುತ್ತಾರೆ ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎದ್ದು ಹೋಗಿ ತಲೆ ಬಾಚಿಕೊಂಡು ಬಂದು ಬಾಗಿಲ ಹತ್ತಿರ ನಿಂತಳು. ಇವತ್ತಲ್ಲ ಶನಿವಾರ ಎಂದು ತಿಳಿಸಬೇಕಾಯಿತು. ಈಗ ಕ್ಯಾಲೆಂಡರಿನ ಮುಂದೆ ಹೋಗಿ ಹೋಗಿ ನಿಲ್ಲುತ್ತಾಳೆ.

ನಿಮ್ಮ ಮೇಲೆ ಕೆಂಡದಂಥ ಸಿಟ್ಟು ಬಂದಿದೆ. ಮಟ್ಟಿನ ವಿಷಯಕ್ಕಲ್ಲ. ನಮ್ಮವರಿಗೆ ಅಲ್ಲಿ ಯಾರೂ ಭಜನೆ ಮಾಡಲಿಲ್ಲ, ಒಂದು ಪದ ಹೇಳುವವರಿರಲಿಲ್ಲ. ಆ ಮಟ್ಟಿಗೆ ಬಾಬಾ ಎಂದು ಕೂರಿಸಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸಿಟ್ಟು ಸುಳ್ಳಿಗೆ. ನೀವು ಒಂಟಿ ಎಂದು ನನ್ನ ಮಗುವಿನ ಶನಿವಾರವನ್ನು ಹಾಳು ಮಾಡಿದಿರಿ. ನಾನೂ ಮುಚ್ಚಿಟ್ಟವಳೇ, ಒಪ್ಪುತ್ತೇನೆ, ಆದರೂ ಸಿಟ್ಟು ಇಳಿದಿಲ್ಲ.

ಅವಳಿಗೆ ಇಲ್ಲ ಎನ್ನಲು ನನ್ನಿಂದಾಗದು. ಬರುತ್ತೇವೆ. ಹತ್ತೂವರೆ ಬಸ್ಸು. ಮಕ್ಕಳಿಲ್ಲದಿದ್ದರೆ ನೀವಾದರೂ ಇರಿ.

ವನಜಾಕ್ಷಿ


ನಂಜನಗೂಡು
21 ಸೆಪ್ಟೆಂಬರ್ 2024, ಸಂಜೆ

ತಾಯಿ,

ನಿಮ್ಮನ್ನು ಬಸ್ಸು ಹತ್ತಿಸಿ ಬಂದು ಕೂತಿದ್ದೇನೆ. ಭಜನೆ ಮನೆಯಲ್ಲಿ ನೀವು ಹೆಚ್ಚು ಹೊತ್ತು ಕಿಟಕಿಯ ಕಡೆ ತಿರುಗಿಕೊಂಡಿದ್ದಿರಿ. ನೀವು ಕಾಣದೆ ಬಿಟ್ಟದ್ದನ್ನು ಬರೆಯುತ್ತೇನೆ.

ಮಗು ಒಳಗೆ ಬಂದವಳೇ ಎಣಿಸುವವಳಂತೆ ಸುತ್ತ ನೋಡಿದಳು. ಹಾಸಿದ ಜಮಖಾನ, ಹಾರ್ಮೋನಿಯಂ, ನಾನು. ಬಾಗಿಲ ಹತ್ತಿರವೇ ಕೂತಳು. ಅವಳ ಮುಖ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾತಾಡಲು ಏನೂ ಇರಲಿಲ್ಲ, ಅದಕ್ಕೆ ಹಾಡಿದೆ. ಹದಿನಾಲ್ಕು ಮಕ್ಕಳು ಹಾಡಬೇಕಾದ್ದನ್ನು ಒಬ್ಬನೇ ಹಾಡಿದೆ. ಸಂಖ್ಯೆಯ ಹಾಡು, ಮಳೆಯ ಹಾಡು. ಬೆಕ್ಕಿನ ಹಾಡಿಗೆ ನಾಲ್ಕು ಕಾಲಲ್ಲಿ ಕುಣಿಯಬೇಕೆಂದು ನೀವೇ ಬರೆದಿದ್ದಿರಿ, ಪಂಚೆ ಎತ್ತಿ ಕಟ್ಟಿ ಕುಣಿದೆ. ಮಂಡಿ ಈಗ ಲೆಕ್ಕ ಕೇಳುತ್ತಿದೆ. ಅಪ್ಪ ಅಮ್ಮನ ಹಾಡು ಮಾತ್ರ ಹಾಡಲಿಲ್ಲ.

ಹಣ್ಣಿನ ಹಾಡಿನ ನಡುವೆ ಅವಳು ಎದ್ದು ಬಂದಳು. ನೇರ ಬಂದು ಅಂಗೈಯನ್ನು ಹಾರ್ಮೋನಿಯಂನ ಸ್ವರದ ಮನೆಗಳ ಮೇಲೆ ಇಟ್ಟು ಒತ್ತಿದಳು, ಎಲ್ಲ ಸ್ವರವೂ ಒಟ್ಟಿಗೆ ಕೂಗಿ ನಿಂತವು. ಆಮೇಲೆ ಏನೋ ಹೇಳಿದಳು. ಸಣ್ಣ ದನಿ, ತುಕ್ಕು ಹಿಡಿದಂತಿತ್ತು. ಅದರ ಹಿಂದೆಯೇ ನಾನು ಹಾಡುತ್ತಿದ್ದ ಸೇಬಿನ ಪದ ಹೇಳಿದಳು, ನಾನು ಪಿಂಗ್‌ಗುವೊ ಎಂದೆ. ಅಲ್ಲವೆಂದು ತಲೆಯಾಡಿಸಿ ಮತ್ತೆ ಹೇಳಿದಳು. ನಾಲ್ಕನೇ ಸಲಕ್ಕೆ ನನ್ನದು ಒಪ್ಪಿಗೆಯಾಯಿತೆಂದು ತೋರುತ್ತದೆ, ಬಾಗಿಲ ಹತ್ತಿರ ಹೋಗಿ ಕೂತಳು. ಮೊದಲು ಹೇಳಿದಳಲ್ಲ, ಆ ಮಾತಿನ ಅರ್ಥವೇನು? ನಿಮ್ಮನ್ನು ಕೇಳಿದೆ, ನಿಮಗೆ ಹೇಳಲಾಗಲಿಲ್ಲ. ಬರೆದು ತಿಳಿಸಿ.

ಸೋಮಶೇಖರ


ತಿ. ನರಸೀಪುರ
23 ಸೆಪ್ಟೆಂಬರ್ 2024

ಮೇಷ್ಟ್ರೇ,

ಅವಳು ಹೇಳಿದ್ದು, "ಹಾಗಲ್ಲ. ನೀವು ತಪ್ಪು ಹೇಳ್ತಿದ್ದೀರಿ. ನಾನು ಹೇಳ್ಕೊಡ್ತೀನಿ" ಎಂದು. ಇಷ್ಟೇ. ನಾನು ಹೇಳದೆ ಹೋದದ್ದು ಅಳುವಿನಿಂದ ಅಂದುಕೊಂಡಿದ್ದೀರಿ. ಅಳು ಅರ್ಧ. ಇನ್ನರ್ಧ ಹೊಟ್ಟೆಕಿಚ್ಚು. ಹದಿನಾಲ್ಕು ತಿಂಗಳು ಕಾದ ದನಿ, ಪಕ್ಕದಲ್ಲಿ ನಿಂತ ನನ್ನನ್ನು ಬಿಟ್ಟು, ತಪ್ಪು ತಪ್ಪಾಗಿ ಹಾಡುವ ಹೊರಗಿನವರೊಬ್ಬರಿಗೆ ಹೋಯಿತು. ನಿಮ್ಮನ್ನು ಕ್ಷಮಿಸಿದ್ದೇನೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಕಾಗದ ಬರೆಯುವುದನ್ನು ಮಾತ್ರ ನಿಲ್ಲಿಸಬೇಡಿ.

ಬಸ್ಸಿನಲ್ಲಿ ಆದದ್ದು ನಿಮಗೆ ತಿಳಿಯದು. ಸೀಟು ಸಿಕ್ಕಿತು. ಅವಳು ಕಿಟಕಿಯ ಪಕ್ಕ ಕೂತಳು. ಸುತ್ತೂರು ದಾಟುವವರೆಗೂ ಎಂದಿನಂತೆ ಇದ್ದಳು, ನಾನೂ ಆಸೆ ಬಿಟ್ಟಿದ್ದೆ. ಆಮೇಲೆ ನನ್ನ ಸೆರಗು ಎಳೆದು, ಕಿವಿಯ ಹತ್ತಿರ ಬಾಯಿ ತಂದು, ಆ ಭಾಷೆಯಲ್ಲೇ ಕೇಳಿದಳು. "ಅಮ್ಮಾ, ಇಲ್ಲಿ ಮಾತಾಡಬಹುದಾ?"

ಅಪ್ಪಣೆಗೆ ಕಾಯುತ್ತಿತ್ತು ಮೇಷ್ಟ್ರೇ, ಮಗು. ಡಾಕ್ಟರಿಗೆ ತೋರಿಸಿದೆ, ಹರಕೆ ಹೊತ್ತೆ, ತಾಯತ ಕಟ್ಟಿಸಿದೆ. ಬೇಡ ಎಂದವಳು ನಾನೇ, ಬೇಕು ಎಂದು ಹೇಳುವುದೊಂದನ್ನು ಮಾಡಿರಲಿಲ್ಲ.

ಆ ಭಾಷೆಯಲ್ಲಿ, ಇಡೀ ಬಸ್ಸಿಗೆ ಕೇಳುವ ಹಾಗೆ, ಮಾತಾಡು ಎಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಮಾದು ಟಿಕೆಟ್ ಹರಿಯುವುದನ್ನು ಬಿಟ್ಟು ನಿಂತ. ಅವಳು ಏನೂ ಮಾತಾಡಲಿಲ್ಲ. ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಮಲಗಿದಳು. ಎಲ್ಲಿ ಮತ್ತೆ ಮುಚ್ಚಿಹೋಗುತ್ತದೋ ಎಂಬ ಭಯಕ್ಕೆ ನಾನು ನಿಲ್ಲಿಸಲಿಲ್ಲ. ಕಿಟಕಿಯಲ್ಲಿ ಕಂಡದ್ದರ ಹೆಸರನ್ನೆಲ್ಲ ಹೇಳುತ್ತಾ ಬಂದೆ. ಗದ್ದೆ, ಕೊಕ್ಕರೆ, ನಾಲೆ, ಕಬ್ಬಿನ ಟ್ರ್ಯಾಕ್ಟರ್, ಸೈಕಲ್ಲಿನ ಮೇಲೆ ಒಬ್ಬ ಮುದುಕ. ಜನ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವವರೆಗೂ ಅಷ್ಟು ಜನರ ನಡುವೆ ಆ ಭಾಷೆಯನ್ನು ನಾನೊಬ್ಬಳೇ ಮಾತಾಡಿದೆ.

ವನಜಾಕ್ಷಿ